ಬೆನ್ನಿನ ಮೇಲಿನ ಮೆತ್ತನೆಯ ಗಂಟು

ಕೂಸಿಗೆ ಎಣ್ಣೆ-ನೀರು ಹಾಕುವಾಗ ಬೆನ್ನ ಮೇಲೆ ಕೈಯಾಡಿಸುತ್ತೀರಲ್ಲ, ಸೊಂಟದ ಕೆಳಭಾಗವನ್ನು ಒಮ್ಮೆ ಗಮನವಿಟ್ಟು ನೋಡಿ. ಅಲ್ಲಿ ನಟ್ಟನಡುವೆ ಮೆತ್ತನೆಯ ಗಂಟು, ಕೂದಲಿನ ಕುಚ್ಚು ಅಥವಾ ಆಳವಾದ ಗುಳಿ ಕಂಡರೆ "ಬೆಳೀತಾ ಬೆಳೀತಾ ಕರಗುತ್ತೆ ಬಿಡಮ್ಮ" ಎಂಬ ಮಾತು ಕೇಳಿ ಸುಮ್ಮನಾಗಬೇಡಿ. ಎಣ್ಣೆ ತಿಕ್ಕಿದರೆ ಕರಗುವ ಗಂಟಲ್ಲ ಅದು.

ದೊಡ್ಡವರ ತೋಳಿನಲ್ಲಿ ಏಳುವ ಕೊಬ್ಬಿನ ಗಡ್ಡೆ ಚರ್ಮದ ಕೆಳಗಷ್ಟೇ ಇರುತ್ತದೆ. ಇದು ಹಾಗಲ್ಲ. ಗರ್ಭದ ಮೊದಲ ವಾರಗಳಲ್ಲಿ ಬೆನ್ನುಹುರಿ ರೂಪುಗೊಳ್ಳುವಾಗಲೇ ಕೊಬ್ಬು ಅದರೊಳಗೆ ಸೇರಿಬಿಟ್ಟಿರುತ್ತದೆ. ವೈದ್ಯರು ಇದಕ್ಕೆ ಲೈಪೋಮಾ ಎನ್ನುತ್ತಾರೆ. ಅಪರೂಪದ್ದು, ಕ್ಯಾನ್ಸರ್ ಅಲ್ಲ. ಬಸುರಿಯಲ್ಲಿ ಗ್ರಹಣ ನೋಡಿದ್ದರಿಂದ ಬಂದದ್ದೂ ಅಲ್ಲ. (ಇದನ್ನು ಅತ್ತೆಯವರಿಗೂ ಓದಿ ಹೇಳಿ!)

ತೊಂದರೆ ಏನೆಂದರೆ, ಗೂಟಕ್ಕೆ ಕಟ್ಟಿದ ಕರುವಿನಂತೆ ಬೆನ್ನುಹುರಿಯ ತುದಿ ಈ ಕೊಬ್ಬಿಗೆ ಅಂಟಿಕೊಂಡಿರುತ್ತದೆ. ಮಗು ಉದ್ದ ಬೆಳೆದಂತೆಲ್ಲ ಜಗ್ಗುತ್ತದೆ. ಆಗ ಒಂದು ಪಾದ ಸಣ್ಣದಾಗಬಹುದು, ತಿರುಚಬಹುದು, ಕಾಲು ಸೋಲಬಹುದು, ಮೂತ್ರದ ಹಿಡಿತ ತಪ್ಪಬಹುದು. ಚೊಕ್ಕವಾಗಿದ್ದ ಮಗು ಮತ್ತೆ ಚಡ್ಡಿ ಒದ್ದೆ ಮಾಡಿಕೊಳ್ಳತೊಡಗಿದರೆ ಹೊಡೆಯಬೇಡಿ, ಮೊದಲು ಬೆನ್ನು ನೋಡಿ. ಒಮ್ಮೆ ಹೋದ ಹಿಡಿತ ಎಷ್ಟೋ ಸಲ ಪೂರ್ತಿ ಮರಳುವುದಿಲ್ಲ.

ಒಳಗಿನ ಸ್ಥಿತಿ ಎಂ.ಆರ್.ಐ.ನಲ್ಲಿ ತಿಳಿಯುತ್ತದೆ. ಅಂದ ಕೆಡುತ್ತದೆಂದು ಹೊರಗಿನ ಉಬ್ಬನ್ನಷ್ಟೇ ತೆಗೆಸಿದರೆ ಒಳಗಿನ ಕಟ್ಟು ಹಾಗೇ ಉಳಿಯುತ್ತದೆ. ಇದು ನರರೋಗಗಳ ಶಸ್ತ್ರವೈದ್ಯರ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗವಿದೆ.

ಆಪರೇಷನ್‌ನ ಮುಖ್ಯ ಉದ್ದೇಶ ಹುರಿಯನ್ನು ಬಿಡಿಸುವುದು. ಕೊಬ್ಬಿಗೂ ನರಕ್ಕೂ ನಡುವೆ ಸರಿಯಾದ ಗೆರೆ ಇರುವುದಿಲ್ಲ. ಅದಕ್ಕೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಸಣ್ಣ ವಿದ್ಯುತ್ತಿನಿಂದ ನರಗಳನ್ನು ಪರೀಕ್ಷಿಸುತ್ತಾ ಬಿಡಿಸುತ್ತಾರೆ. ಅಪಾಯವೆನಿಸಿದಲ್ಲಿ ಕೊಬ್ಬಿನ ತೆಳು ಪದರ ಬಿಟ್ಟುಬಿಡುತ್ತಾರೆ. "ಪೂರ್ತಿ ತೆಗೀಲಿಲ್ಲವಂತೆ" ಎಂದು ಕೊರಗಬೇಡಿ. ಗಾಯದಿಂದ ಬೆನ್ನುಹುರಿಯ ನೀರು ಸೋರುವ ಭಯ ಕೆಲವು ದಿನ ಇರುತ್ತದೆ. ಹುರಿ ಮತ್ತೆ ಅಂಟಿಕೊಳ್ಳುವುದೂ ಉಂಟು; ಆದ್ದರಿಂದ ಬೆಳವಣಿಗೆ ಮುಗಿಯುವವರೆಗೂ ತಪಾಸಣೆ ತಪ್ಪಿಸಬಾರದು.

ಯಾವ ತೊಂದರೆಯೂ ಕಾಣದ ಮಗುವಿಗೆ? ಇಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಇಂಥ ಮಕ್ಕಳನ್ನು ಆಪರೇಷನ್ ಮಾಡದೆ ಗಮನಿಸುತ್ತಿರಬಹುದು ಎಂದು ಪ್ಯಾರಿಸ್ಸಿನ ವೈದ್ಯರು 2004ರಲ್ಲಿ ಬರೆದರು. ಆದಷ್ಟೂ ಪೂರ್ತಿ ತೆಗೆದರೆ ಮುಂದಕ್ಕೆ ಒಳ್ಳೆಯದು ಎಂದು ಅಮೆರಿಕದ ಡಾ. ಡ್ಯಾಕ್ಲಿಂಗ್ ಪ್ಯಾಂಗ್ ತಂಡ 2009-10ರಲ್ಲಿ ವಾದಿಸಿತು. ಹಾಗಾಗಿ "ಈಗಲೇ ಬೇಕೇ, ಕಾಯಬಹುದೇ? ಕಾದರೆ ಎಷ್ಟು ತಿಂಗಳಿಗೊಮ್ಮೆ ತೋರಿಸಬೇಕು?" ಎಂದು ಸಂಕೋಚಪಡದೆ ಕೇಳಿ. ಕಾಯುವುದಾದರೆ ಮಗು ಎಷ್ಟು ಸಲ ಮೂತ್ರ ಮಾಡುತ್ತದೆ, ಯಾವ ಚಪ್ಪಲಿ ಬೇಗ ಸವೆಯುತ್ತದೆ ಎಂಬುದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟು, ಡಾಕ್ಟರ ಬಳಿ ಹೋಗುವಾಗ ಜೊತೆಗೆ ಒಯ್ಯಿರಿ.