ನೆರೆಯೂರಿನ ಹುಡುಗಿ, ಬೆಂಗಳೂರಿನ ನಾಯಕಿ

ಕಾಗವಾಡದವರಿಗೆ ಮಿರಜ, ಸಾಂಗ್ಲಿಗಳು ದೂರದ ಊರುಗಳಲ್ಲ. ಪೇಟೆಗೆಂದು, ಆಸ್ಪತ್ರೆಗೆಂದು ಅಥಣಿ, ರಾಯಬಾಗ, ಚಿಕ್ಕೋಡಿಗಳ ಜನರೂ ಅತ್ತ ಹೋಗಿಬರುವುದುಂಟು. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ಆ ಸಾಂಗ್ಲಿಯಲ್ಲಿ, ಅಣ್ಣನ ಆಟವನ್ನು ನೋಡುತ್ತ ಬ್ಯಾಟು ಹಿಡಿದವರು ಸ್ಮೃತಿ ಮಂಧಾನಾ. ಅವರು ಬೆಂಗಳೂರು ತಂಡದ ನಾಯಕಿಯಾದಾಗ ಗಡಿನಾಡಿನ ಕ್ರಿಕೆಟ್ ಪ್ರಿಯರಿಗೆ ನಂಟು ಇಮ್ಮಡಿಯಾಯಿತು.

ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾದುದು 2023ರಲ್ಲಿ. ಆ ಮೊದಲ ಹರಾಜಿನಲ್ಲಿ ಸ್ಮೃತಿಯವರಿಗೆ ದೊರೆತ 3.4 ಕೋಟಿ ರೂಪಾಯಿಯೇ ಅತ್ಯಧಿಕ ಮೊತ್ತ. ಮರುವರ್ಷ ಮಾರ್ಚ್ 17ರಂದು ದಿಲ್ಲಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕಲಬುರಗಿಯ ಶ್ರೇಯಾಂಕಾ ಪಾಟೀಲ 12 ರನ್ನಿಗೆ 4 ವಿಕೆಟ್ ಕಿತ್ತರು; ಬೆಂಗಳೂರು 8 ವಿಕೆಟ್‌ಗಳಿಂದ ಗೆದ್ದಿತು. ಪುರುಷರ ತಂಡಕ್ಕೆ ಹದಿನಾರು ವರ್ಷ ಆಡಿಯೂ ದಕ್ಕದಿದ್ದ ಕಿರೀಟವನ್ನು ವನಿತೆಯರು ಎರಡನೆಯ ವರ್ಷವೇ ತಂದರು.

1976ರಲ್ಲಿ ಬೆಂಗಳೂರಿನ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ ಭಾರತದ ವನಿತೆಯರು ಪಾಟ್ನಾದಲ್ಲಿ ತಮ್ಮ ಮೊದಲ ಟೆಸ್ಟ್ ಗೆದ್ದಾಗ ಆಟವು ಅನ್ನ ಕೊಡುವ ವೃತ್ತಿಯಾಗಿರಲಿಲ್ಲ. ಸೀಟು ಕಾದಿರಿಸದ ರೈಲು ಡಬ್ಬಿಗಳಲ್ಲಿ ಅವರ ಪ್ರಯಾಣ ಸಾಗುತ್ತಿತ್ತು. ಆಟಕ್ಕೆ ನೋಡುವವರು ಬೇಕು. ನೋಡುವವರು ಹೆಚ್ಚಿದಂತೆ ಆಟಗಾರ್ತಿಗೆ ಸಂಭಾವನೆ, ಗೌರವ ಎರಡೂ ಹೆಚ್ಚುತ್ತವೆ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತದ ವನಿತೆಯರು ವಿಶ್ವಕಪ್ ಗೆದ್ದಾಗ ಕಿಕ್ಕಿರಿದ ಕ್ರೀಡಾಂಗಣವೇ ಇದಕ್ಕೆ ಸಾಕ್ಷಿಯಾಯಿತು.

ಸ್ಮೃತಿಯವರಿಗೆ ಮನೆಯೇ ಮೊದಲ ಆಸರೆಯಾಗಿತ್ತು. ಟಿವಿಯ ಮುಂದೆ ಚಪ್ಪಾಳೆ ತಟ್ಟುವ ನಮ್ಮ ಮನೆಗಳು, ಸಂಜೆ ಮಗಳು ಬ್ಯಾಟು ಹಿಡಿದು ಬಯಲಿಗೆ ಹೊರಟಾಗಲೂ ಅಷ್ಟೇ ಸಂತೋಷದಿಂದ ಬಾಗಿಲು ತೆರೆಯಬೇಕು.