ಶಾಲಾ ತಂಡದ ವಿದೇಶ ಪ್ರವಾಸ: ಯಾವ ದೇಶ, ಯಾವಾಗ, ಏತಕ್ಕೆ?

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬುದು ನಮ್ಮ ಹಿರಿಯರ ಮಾತು. ಅವರ ಕಾಲದಲ್ಲಿ ದೇಶ ಸುತ್ತುವುದೆಂದರೆ ಕಾಶಿ, ರಾಮೇಶ್ವರ. ಶಾಲಾ ಪ್ರವಾಸವೆಂದರೆ ಹಂಪಿ, ಬಾದಾಮಿ, ಹೆಚ್ಚೆಂದರೆ ಮೈಸೂರು. ಈಗ ಮಹಾನಗರಗಳ ಖಾಸಗಿ ಶಾಲೆಗಳು ತಮ್ಮ ಕ್ರಿಕೆಟ್, ಫುಟ್‌ಬಾಲ್, ಬ್ಯಾಡ್ಮಿಂಟನ್ ತಂಡಗಳನ್ನು ಕೊಲಂಬೊ, ದುಬೈ, ಸಿಂಗಪುರ, ಇಂಗ್ಲೆಂಡುಗಳಿಗೆ ಕರೆದೊಯ್ಯುತ್ತಿವೆ. ಪಟಾನ್‌ಚೆರು, ರಾಮಚಂದ್ರಾಪುರಗಳ ನಮ್ಮ ಕನ್ನಡ ಕುಟುಂಬಗಳಿಗೂ ಇಂಥ ಸುತ್ತೋಲೆಗಳು ಬರತೊಡಗಿವೆ. 1972ರಲ್ಲಿ ಇಕ್ರಿಸ್ಯಾಟ್ ಸಂಸ್ಥೆ ಸ್ಥಾಪನೆಯಾದಂದಿನಿಂದ ನಾನಾ ದೇಶಗಳ ವಿಜ್ಞಾನಿಗಳು ಬಂದು ದುಡಿದ ಊರಿದು. ಇಲ್ಲಿಯ ಮಕ್ಕಳು ವಿದೇಶದ ಕನಸು ಕಾಣುವುದರಲ್ಲಿ ಆಶ್ಚರ್ಯವೇನಿಲ್ಲ.

ಬ್ಯಾಂಕಿನ ನೌಕರಿಯಲ್ಲಿರುವ ಕಾರಣ, ಸುತ್ತೋಲೆ ಹಿಡಿದು ಬರುವ ಪಾಲಕರನ್ನು ನಾವು ಆಗಾಗ ಕಾಣುತ್ತೇವೆ. ಅವರ ಮೊದಲ ಪ್ರಶ್ನೆ, "ಇದಕ್ಕೆ ಸಾಲ ಸಿಗುತ್ತದೆಯೇ?" ಎಂಬುದು. ಸಾಲದ ಮಾತು ಕೊನೆಗಿರಲಿ. ಅದಕ್ಕೂ ಮೊದಲು ಶಾಲೆಯನ್ನು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಅವುಗಳನ್ನು ಒಂದೆಡೆ ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಆಟ, ಆಮೇಲೆ ದೇಶ

ಶಾಲಾ ಬಾಲಕರು ಆಡಲು ಹೊರದೇಶಕ್ಕೆ ಹೋಗುವುದು ಹೊಸತೇನಲ್ಲ. 1967ರಲ್ಲಿ ಭಾರತೀಯ ಶಾಲಾ ಬಾಲಕರ ಕ್ರಿಕೆಟ್ ತಂಡ ಇಂಗ್ಲೆಂಡ್ ಪ್ರವಾಸ ಕೈಗೊಂಡಾಗ ನಮ್ಮ ಬೆಂಗಳೂರಿನ ಸಯ್ಯದ್ ಕಿರ್ಮಾನಿ ಆ ತಂಡದಲ್ಲಿದ್ದರು. 1996ರಲ್ಲಿ ಇಂಗ್ಲೆಂಡಿನಲ್ಲಿಯೇ ನಡೆದ 15 ವರ್ಷದೊಳಗಿನವರ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಭಾರತದ ಹುಡುಗರು ಲಾರ್ಡ್ಸ್ ಮೈದಾನದಲ್ಲಿ ಪಾಕಿಸ್ತಾನವನ್ನು ಸೋಲಿಸಿದರು. ಅವೆಲ್ಲ ಆಯ್ಕೆಯಾದ ತಂಡಗಳು, ಆಡುವುದಕ್ಕೆಂದೇ ಹೋದವು. ಇಂದಿನ ಶಾಲಾ ಪ್ರವಾಸಗಳಲ್ಲಿ ಆಟದೊಂದಿಗೆ ವಿಹಾರವೂ ಸೇರಿಕೊಂಡಿದೆ. ಅದು ತಪ್ಪಲ್ಲ. ಆದರೆ ಯಾವುದು ಊಟ, ಯಾವುದು ಉಪ್ಪಿನಕಾಯಿ ಎಂಬುದು ಮೊದಲೇ ತಿಳಿದಿರಬೇಕು.

ಆದ್ದರಿಂದ ದೇಶವನ್ನು ಆರಿಸುವ ಮೊದಲ ಸೂತ್ರ ಇದು: ನಮ್ಮ ಮಗು ಆಡುವ ಆಟವನ್ನು ಅಲ್ಲಿಯ ಮಕ್ಕಳು ಚೆನ್ನಾಗಿ ಆಡುತ್ತಾರೆಯೇ? ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಬಳಿಕ ಹಲವು ವರ್ಷ ಡೆನ್ಮಾರ್ಕಿನಲ್ಲಿ ಅಭ್ಯಾಸ ಮಾಡಿದರು. ಅಲ್ಲಿಯ ಕ್ಲಬ್ಬುಗಳಲ್ಲಿ ನಿತ್ಯ ಎದುರಾಡಲು ಸಮಬಲದ ಆಟಗಾರರಿದ್ದುದೇ ಅದಕ್ಕೆ ಕಾರಣ. ಬ್ಯಾಡ್ಮಿಂಟನ್ ಮಕ್ಕಳಿಗೆ ಮಲೇಷ್ಯಾ, ಇಂಡೋನೇಷ್ಯಾಗಳು ಹತ್ತಿರದ ಒಳ್ಳೆಯ ಆಯ್ಕೆಗಳು. ಕ್ರಿಕೆಟ್ಟಿಗೆ ಶ್ರೀಲಂಕಾ ಇದೆ. ಕೊಲಂಬೊದ ರಾಯಲ್ ಕಾಲೇಜು ಮತ್ತು ಸೇಂಟ್ ಥಾಮಸ್ ಕಾಲೇಜುಗಳ ವಾರ್ಷಿಕ ಪಂದ್ಯ 1879ರಿಂದ ನಡೆದು ಬಂದಿದೆ. ಕ್ಯಾಂಡಿ ನಗರದ ಅಸ್ಗಿರಿಯ ಮೈದಾನ ಟ್ರಿನಿಟಿ ಕಾಲೇಜು ಎಂಬ ಶಾಲೆಗೆ ಸೇರಿದ್ದು. ಅಲ್ಲಿ ಟೆಸ್ಟ್ ಪಂದ್ಯಗಳೇ ನಡೆದಿವೆ. ಶಾಲಾ ಕ್ರಿಕೆಟ್ಟನ್ನು ಇಷ್ಟು ಗೌರವದಿಂದ ಕಾಣುವ ನಾಡಿಗೆ ಹೋದರೆ ಮಕ್ಕಳು ಕಲಿಯುವುದು ಬಹಳಷ್ಟಿದೆ.

ಎದುರಾಳಿ ಯಾರೆಂಬುದನ್ನೂ ವಿಚಾರಿಸಬೇಕು. ಸುತ್ತೋಲೆಯಲ್ಲಿ 'ಸ್ಥಳೀಯ ತಂಡಗಳೊಡನೆ ಸೌಹಾರ್ದ ಪಂದ್ಯ' ಎಂದಷ್ಟೇ ಇದ್ದರೆ ಸಾಲದು. ಯಾವ ಶಾಲೆ, ಯಾವ ವಯೋಮಾನ, ಯಾವ ಮೈದಾನ, ಎಷ್ಟು ಓವರು ಎಂಬುದನ್ನು ಆತಿಥೇಯ ಶಾಲೆಯ ಪತ್ರದ ಸಮೇತ ಕೇಳಬೇಕು. ಹನ್ನೆರಡರ ಮಕ್ಕಳನ್ನು ಹದಿನಾರರವರೊಡನೆ ಆಡಿಸಿದರೆ ಉತ್ಸಾಹಕ್ಕಿಂತ ಗಾಯವೇ ಹೆಚ್ಚು.

ಪಂಚಾಂಗ ಕೂಡಿಬರಬೇಕು

ಮದುವೆಗೆ ಮುಹೂರ್ತ ನೋಡುವಂತೆ ಇಲ್ಲಿಯೂ ಮೂರು ಪಂಚಾಂಗಗಳನ್ನು ಕೂಡಿಸಿ ನೋಡಬೇಕು: ನಮ್ಮ ಶಾಲೆಯ ರಜೆ, ಅವರ ಶಾಲೆಯ ದಿನಗಳು ಮತ್ತು ಅಲ್ಲಿಯ ಹವಾಮಾನ. ಎಷ್ಟೋ ಪ್ರವಾಸಗಳು ಎಡವುವುದು ಇಲ್ಲಿಯೇ.

ತೆಲಂಗಾಣದಲ್ಲಿ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಕೊನೆಯಿಂದ ಜೂನ್ ಎರಡನೆಯ ವಾರದವರೆಗೆ. ದಸರಾ ಮತ್ತು ಸಂಕ್ರಾಂತಿಗೆ ಚಿಕ್ಕ ರಜೆಗಳಿವೆ. ಮೇ ತಿಂಗಳಲ್ಲಿ ದುಬೈಗೆ ಹೋದರೆ ಅಲ್ಲಿಯ ಶಾಲೆಗಳೇನೋ ತೆರೆದಿರುತ್ತವೆ, ಆದರೆ ಹಗಲಿನ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೈದರಾಬಾದಿನ ಬಿಸಿಲಿನಿಂದ ತಪ್ಪಿಸಿಕೊಂಡು ಅಲ್ಲಿಯ ಬಿಸಿಲಿಗೆ ಬಿದ್ದಂತೆ. ದುಬೈಗೆ ನವೆಂಬರಿನಿಂದ ಮಾರ್ಚ್‌ವರೆಗಿನ ಕಾಲವೇ ಯೋಗ್ಯ. ಕೊಲಂಬೊದಲ್ಲಿ ಮೇ ತಿಂಗಳಿನಲ್ಲಿ ನೈರುತ್ಯ ಮುಂಗಾರು ಇಳಿಯುತ್ತದೆ. ಕ್ರಿಕೆಟ್ ಮಳೆಪಾಲಾಗುವ ಸಂಭವ ಹೆಚ್ಚು. ಅಲ್ಲಿ ಶಾಲಾ ಕ್ರಿಕೆಟ್ಟಿನ ದೊಡ್ಡ ಪಂದ್ಯಗಳು ನಡೆಯುವ ಮಾರ್ಚ್ ತಿಂಗಳಿನಲ್ಲಿ ನಮ್ಮ ಮಕ್ಕಳಿಗೆ ವಾರ್ಷಿಕ ಪರೀಕ್ಷೆ. ಹಾಗಾಗಿ ಶ್ರೀಲಂಕಾಕ್ಕೆ ಸಂಕ್ರಾಂತಿಯ ರಜೆ ಹೊಂದಿಕೆಯಾಗಬಹುದು; ಆದರೆ ಆ ವಾರ ಅಲ್ಲಿಯ ಶಾಲೆ ತೆರೆದಿರುತ್ತದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಇಂಗ್ಲೆಂಡಿನ ಸಂಗತಿ ಬೇರೆ. ಅಲ್ಲಿ ಕ್ರಿಕೆಟ್ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಬೇಸಿಗೆ ರಜೆ ಜುಲೈ ಕೊನೆಯ ಭಾಗದಲ್ಲಿ ಆರಂಭವಾಗಿ ಆಗಸ್ಟ್ ಪೂರ್ತಿ ನಡೆಯುತ್ತದೆ. ಆಗಸ್ಟಿನಲ್ಲಿ ಹೋದ ಶಾಲಾ ತಂಡಕ್ಕೆ ಮೈದಾನ ಸಿಗಬಹುದು, ಎದುರಾಡುವ ಶಾಲೆ ಸಿಗುವುದು ಕಷ್ಟ. ನಮ್ಮ ಮೇ ರಜೆಯಲ್ಲಿ ಹೋದರೆ ಅಲ್ಲಿಯ ಶಾಲೆಗಳು ತೆರೆದಿದ್ದು ಪಂದ್ಯಗಳು ನಡೆಯುತ್ತಿರುತ್ತವೆ. ಮೇ ಕೊನೆಯಲ್ಲಿ ಬರುವ ಒಂದು ವಾರದ ನಡುರಜೆಯನ್ನು ಮಾತ್ರ ಬಿಟ್ಟು ದಿನ ಗೊತ್ತುಮಾಡಬೇಕು. ಸಿಂಗಪುರದ ಶಾಲೆಗಳಿಗೆ ಜೂನ್ ತಿಂಗಳಿನಲ್ಲಿ ರಜೆ. ಅಲ್ಲಿಗೆ ಹೋಗುವುದಾದರೆ ಮೇ ಮೊದಲಾರ್ಧ ಉತ್ತಮ.

ಪ್ರಯಾಣದ ದೂರವನ್ನೂ ಮರೆಯಬಾರದು. ಪಟಾನ್‌ಚೆರುವಿನಿಂದ ಹೊರವರ್ತುಲ ರಸ್ತೆ ಹಿಡಿದರೆ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಪೇಟೆಯ ಸಂದಣಿಯಿಲ್ಲದೆ ತಲುಪಬಹುದು. ಅಲ್ಲಿಂದ ದುಬೈ, ಸಿಂಗಪುರ, ಕೌಲಾಲಂಪುರಗಳಿಗೆ ನೇರ ವಿಮಾನಗಳಿವೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ, ದುಬೈ ಒಂದೂವರೆ ಗಂಟೆ ಹಿಂದೆ, ಕೊಲಂಬೊದ ಗಡಿಯಾರ ನಮ್ಮದೇ. ಬೇಸಿಗೆಯಲ್ಲಿ ಇಂಗ್ಲೆಂಡ್ ನಾಲ್ಕೂವರೆ ಗಂಟೆ ಹಿಂದೆ. ಇಳಿದ ಮರುದಿನವೇ ಪಂದ್ಯವಿಟ್ಟರೆ ಮಕ್ಕಳು ನಿದ್ದೆಗಣ್ಣಿನಲ್ಲಿ ಆಡಬೇಕಾಗುತ್ತದೆ.

ಕಾಗದಪತ್ರಗಳು

ಅಪ್ರಾಪ್ತ ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಚಾಲ್ತಿಯಲ್ಲಿರುತ್ತದೆ. ಮೂರನೆಯ ತರಗತಿಯಲ್ಲಿ ಮಾಡಿಸಿದ್ದು ಎಂಟನೆಯ ತರಗತಿಗೆ ಬರುವುದರೊಳಗೆ ಮುಗಿದಿರುತ್ತದೆ. ಬಹುತೇಕ ದೇಶಗಳು ಪ್ರಯಾಣದ ಹೊತ್ತಿಗೆ ಆರು ತಿಂಗಳ ಅವಧಿ ಉಳಿದಿರಬೇಕೆನ್ನುತ್ತವೆ. ಅರ್ಜಿಗೆ ತಂದೆತಾಯಿ ಇಬ್ಬರ ಸಮ್ಮತಿ ಘೋಷಣೆ ಬೇಕು. ಆದ್ದರಿಂದ ಸುತ್ತೋಲೆ ಬಂದ ದಿನವೇ ಪಾಸ್‌ಪೋರ್ಟ್ ತೆಗೆದು ದಿನಾಂಕ ನೋಡಿಕೊಳ್ಳುವುದು ಒಳಿತು.

ವೀಸಾ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳ ವೀಸಾರಹಿತ ಪ್ರವೇಶ ನೀಡತೊಡಗಿತು. ಸಿಂಗಪುರಕ್ಕೂ ಇಂಗ್ಲೆಂಡಿಗೂ ವೀಸಾ ಬೇಕು. ಯಾವ ದೇಶವಾದರೂ ಟಿಕೇಟಿಗೆ ಹಣ ಕಟ್ಟುವ ಮುನ್ನ ಆ ದೇಶದ ರಾಯಭಾರ ಕಚೇರಿಯ ಮಾಹಿತಿಯನ್ನು ನಾವೇ ನೋಡಬೇಕು, ಏಜೆಂಟರ ಬಾಯಿಮಾತು ಸಾಲದು. ಮೊದಲ ಬಾರಿಗೆ ತಂಡ ಕರೆದೊಯ್ಯುವ ಶಾಲೆಗೆ ನೇಪಾಳವೂ ಒಂದು ಆಯ್ಕೆ. ಅಲ್ಲಿಗೆ ವೀಸಾ ಬೇಡ. 15ರಿಂದ 18 ವರ್ಷದ ಮಕ್ಕಳಿಗೆ ಶಾಲೆಯ ಮುಖ್ಯೋಪಾಧ್ಯಾಯರು ಕೊಡುವ ಗುರುತಿನ ಪ್ರಮಾಣಪತ್ರವೇ ಸಾಕಾಗುತ್ತದೆ.

ಅಜ್ಜಿಯರಿಗೂ ಒಂದು ಕಿವಿಮಾತು. ನಮ್ಮ ಮನೆಯ ಗಸಗಸೆ ಕೊಲ್ಲಿ ದೇಶಗಳಲ್ಲಿಯೂ ಸಿಂಗಪುರದಲ್ಲಿಯೂ ನಿಷಿದ್ಧ ವಸ್ತು. ಪ್ರೀತಿಯಿಂದ ಕಟ್ಟಿಕೊಟ್ಟ ಉಂಡೆಯಿಂದ ಮೊಮ್ಮಗ ವಿಮಾನ ನಿಲ್ದಾಣದಲ್ಲಿ ತೊಂದರೆಗೆ ಸಿಲುಕಬಾರದು. ಔಷಧಿಗಳನ್ನು ವೈದ್ಯರ ಚೀಟಿಯೊಡನೆಯೇ ಕಳುಹಿಸಬೇಕು. ಸಿಂಗಪುರಕ್ಕೆ ಚ್ಯೂಯಿಂಗ್ ಗಮ್ ಕೂಡ ಒಯ್ಯುವಂತಿಲ್ಲ.

ಹಣದ ಲೆಕ್ಕ

ಪ್ರವಾಸದ ವೆಚ್ಚವನ್ನು ದಿನದ ಲೆಕ್ಕದಲ್ಲಿ ನೋಡುವುದು ರೂಢಿ. ನಾವು ಪಂದ್ಯದ ಲೆಕ್ಕದಲ್ಲಿ ನೋಡಿರೆಂದು ಹೇಳುತ್ತೇವೆ. ಉದಾಹರಣೆಗೆ, ಏಳು ದಿನದ ಪ್ರವಾಸಕ್ಕೆ 1,20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ನಾಲ್ಕು ಪಂದ್ಯಗಳಿದ್ದರೆ ಪಂದ್ಯಕ್ಕೆ 30,000. ಎರಡೇ ಇದ್ದರೆ 60,000. ತಂಡದಲ್ಲಿ ಹದಿನೆಂಟು ಮಕ್ಕಳಿದ್ದು ಹನ್ನೊಂದೇ ಜನ ಆಡುವುದಾದರೆ ನಮ್ಮ ಮಗುವಿನ ಪಾಲಿಗೆ ಎಷ್ಟು ಪಂದ್ಯ ಬರುತ್ತದೆ ಎಂಬುದನ್ನೂ ಕೇಳಬೇಕು. ಪ್ರತಿ ಮಗುವಿಗೂ ಕನಿಷ್ಠ ಇಷ್ಟು ಪಂದ್ಯ ಎಂಬ ಭರವಸೆ ಬರವಣಿಗೆಯಲ್ಲಿರಲಿ.

ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು 2020ರ ಅಕ್ಟೋಬರ್ 1ರಿಂದ ಮೂಲದಲ್ಲಿ ತೆರಿಗೆ ಸಂಗ್ರಹಿಸಬೇಕೆಂಬ ನಿಯಮವಿದೆ. ಅದರ ದರ ಮತ್ತು ಮಿತಿ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗಿವೆ. ಇದು ಕಳೆದುಹೋಗುವ ಹಣವಲ್ಲ. ಯಾರ ಪಾನ್ ಸಂಖ್ಯೆಯಲ್ಲಿ ಸಂಗ್ರಹವಾಯಿತೋ ಅವರ ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಹಣ ಕಟ್ಟುವಾಗ ಪಾನ್ ಸಂಖ್ಯೆ ಸರಿಯಾಗಿ ಬರೆಸಿ ರಸೀದಿ ಇಟ್ಟುಕೊಳ್ಳಿ. ಮಗು ಹಿಂದಿರುಗಿದ ಮೇಲೆ ಉಳಿದ ವಿದೇಶಿ ಹಣ 2,000 ಡಾಲರ್ ಮಿತಿಯನ್ನು ಮೀರಿದ್ದರೆ ಹೆಚ್ಚಿನದನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕೆಂಬುದೂ ನೆನಪಿರಲಿ.

ಇನ್ನು ಸಾಲದ ಮಾತು. ವೈಯಕ್ತಿಕ ಸಾಲ ಸಿಗುತ್ತದೆ, ಬಡ್ಡಿಯೂ ಹೆಚ್ಚಿರುತ್ತದೆ. ಏಳು ದಿನದ ಪ್ರವಾಸಕ್ಕೆ ಮೂರು ವರ್ಷ ಕಂತು ಕಟ್ಟುವುದು ಜಾಣತನವಲ್ಲ. ಮಗು ಆರನೆಯ ತರಗತಿಯಲ್ಲಿರುವಾಗಲೇ ತಿಂಗಳಿಗೆ 5,000 ರೂಪಾಯಿಯ ಆವರ್ತ ಠೇವಣಿ ತೆರೆದರೆ ಎರಡು ವರ್ಷಕ್ಕೆ ಬಡ್ಡಿ ಬಿಟ್ಟೇ 1,20,000 ಆಗುತ್ತದೆ. ಅಷ್ಟು ಉಳಿಸಲಾಗದಿದ್ದರೆ ಆ ಪ್ರವಾಸ ನಮ್ಮ ಶಕ್ತಿಗೆ ಮೀರಿದ್ದೆಂದು ತಿಳಿಯಬೇಕು. ಅದರಲ್ಲಿ ಅವಮಾನವೇನೂ ಇಲ್ಲ.

ಮೈದಾನದ ಹೊರಗಿನ ಗಂಟೆಗಳು

ಎಲ್ಲಕ್ಕಿಂತ ಮುಖ್ಯವಾದ ಮಾತು ಸುರಕ್ಷತೆಯದು. 2017ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಪೆಸಿಫಿಕ್ ಶಾಲಾ ಕ್ರೀಡಾಕೂಟ ನಡೆಯಿತು. ಅದರಲ್ಲಿ ಪಾಲ್ಗೊಳ್ಳಲು ಹೋಗಿದ್ದ ಭಾರತದ ಫುಟ್‌ಬಾಲ್ ತಂಡದ ಐವರು ಬಾಲಕಿಯರು ಗ್ಲೆನೆಲ್ಗ್ ಕಡಲತೀರದಲ್ಲಿ ನೀರಿನ ಸೆಳೆತಕ್ಕೆ ಸಿಕ್ಕಿದರು. ನಾಲ್ವರನ್ನು ಉಳಿಸಲಾಯಿತು. ದೆಹಲಿಯ 15 ವರ್ಷದ ಬಾಲಕಿಯೊಬ್ಬಳು ಮರಳಿ ಬರಲಿಲ್ಲ. ದುರಂತ ನಡೆದದ್ದು ಆಟದ ಮೈದಾನದಲ್ಲಲ್ಲ, ಪಂದ್ಯಗಳು ಮುಗಿದ ಬಳಿಕದ ಬಿಡುವಿನ ವೇಳೆಯಲ್ಲಿ.

ಆ ಸುದ್ದಿ ಓದಿದ ದಿನದಿಂದ, ಪ್ರವಾಸದ ಪಟ್ಟಿ ಕೈಗೆ ಬಂದಾಗ ಪಂದ್ಯಗಳಿಗಿಂತ ಮೊದಲು ನಾವು 'ಬಿಡುವಿನ ವೇಳೆ' ಎಂದಿರುವ ಸಾಲುಗಳನ್ನು ನೋಡುತ್ತೇವೆ. ಆ ಗಂಟೆಗಳಲ್ಲಿ ಮಕ್ಕಳು ಎಲ್ಲಿರುತ್ತಾರೆ, ಜತೆಯಲ್ಲಿ ಯಾರಿರುತ್ತಾರೆ? ಎಂಟು ಹತ್ತು ಮಕ್ಕಳಿಗೊಬ್ಬ ಹಿರಿಯರಾದರೂ ಇದ್ದಾರೆಯೇ? ಬಾಲಕಿಯರ ತಂಡಕ್ಕೆ ಶಿಕ್ಷಕಿಯರು ಇದ್ದಾರೆಯೇ? ಕಡಲು, ಈಜುಕೊಳಗಳ ಬಳಿ ಜೀವರಕ್ಷಕರಿಲ್ಲದೆ ಬಿಡುವುದಿಲ್ಲವೆಂದು ಶಾಲೆ ಬರೆದುಕೊಡುತ್ತದೆಯೇ? ನಮ್ಮ ಬಯಲುಸೀಮೆಯ ಮಕ್ಕಳಿಗೆ ಕಡಲೆಂದರೆ ಬೆರಗು. ಅಲೆಯ ಸೆಳೆತದ ಅರಿವು ಅವರಿಗಿರುವುದಿಲ್ಲ.

ವಿಮೆಯ ಕಾಗದವನ್ನೂ ಓದಬೇಕು. ಕೆಲವು ಪ್ರವಾಸ ವಿಮೆಗಳು ಸಂಘಟಿತ ಪಂದ್ಯಗಳಲ್ಲಾದ ಗಾಯವನ್ನು ಹೊರಗಿಡುತ್ತವೆ. ಆಡಲೆಂದೇ ಹೋಗುವ ಮಗುವಿಗೆ ಅಂಥ ವಿಮೆ ಇದ್ದೂ ಇಲ್ಲದಂತೆ. ಹೋಗುವ ಊರಿನ ಕನ್ನಡ ಸಂಘದವರ ಪರಿಚಯವಿದ್ದರೆ ಮತ್ತೂ ಧೈರ್ಯ. ಸಿಂಗಪುರ, ದುಬೈಗಳಲ್ಲಿ ಕನ್ನಡ ಸಂಘಟನೆಗಳು ಸಕ್ರಿಯವಾಗಿವೆ. ಮಗುವಿಗೆ ಜ್ವರ ಬಂದಾಗ ಒಂದು ತಟ್ಟೆ ಅನ್ನ ತಿಳಿಸಾರು ತಂದುಕೊಡುವ ಮನೆ ಅಲ್ಲಿದ್ದರೆ ಇಲ್ಲಿ ತಾಯಿಗೆ ನಿದ್ದೆ ಬರುತ್ತದೆ.

ಯಾರು ಹೋಗುತ್ತಾರೆ?

ಕೊನೆಯದಾಗಿ, ನಮ್ಮನ್ನು ಬಹುವಾಗಿ ಕಾಡಿದ ಒಂದು ಪ್ರಸಂಗ. ಮುಂಬಯಿ ಹೆದ್ದಾರಿಯಲ್ಲಿ ಜಹೀರಾಬಾದ್ ದಾಟಿದರೆ ಬರುವುದೇ ನಮ್ಮ ಬೀದರ ಜಿಲ್ಲೆ. ಆ ಕಡೆಯಿಂದ ಬಂದು ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ ದುಡಿಯುವವರು ಅನೇಕರು. ಅಂಥ ಒಬ್ಬರ ಮಗ ತನ್ನ ಶಾಲಾ ತಂಡದ ಮುಖ್ಯ ಬೌಲರ್. ಶಾಲೆಯ ಹೆಸರು ಇಲ್ಲಿ ಬೇಡ. ವಿದೇಶ ಪ್ರವಾಸದ ಪಟ್ಟಿ ಬಂದಾಗ ಅವನ ಹೆಸರಿರಲಿಲ್ಲ, ಹಣ ಕಟ್ಟಿದವರ ಹೆಸರಿದ್ದವು. ತಂಡದಲ್ಲಿ ಎಂದೂ ಆಡದ ಮೂವರು ಹೋದರು. ತಂದೆ ನಮ್ಮ ಬಳಿ ಬಂದು, "ಸಾಹೇಬರ, ಹುಡುಗ ಎರಡ ದಿನ ಊಟಾ ಬಿಟ್ಟಾನ. ನಾ ಏನ ಹೇಳಲಿ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಬಳಿಕ ಪಾಲಕರ ಸಭೆಗಳಲ್ಲಿ ನಾವು ಒಂದೇ ಮಾತನ್ನು ಹೇಳುತ್ತ ಬಂದಿದ್ದೇವೆ. ತಂಡವನ್ನು ಮೊದಲು ಆರಿಸಿ, ಆಮೇಲೆ ವೆಚ್ಚ ಲೆಕ್ಕಹಾಕಿ. ಹಣವಿದ್ದ ಮನೆಗಳು ತುಸು ಹೆಚ್ಚು ಕೊಟ್ಟು ಒಂದೆರಡು ಮಕ್ಕಳ ವೆಚ್ಚವನ್ನು ಹೆಸರು ಹೇಳದೆ ಭರಿಸಲಿ. ಅದೂ ಆಗದಿದ್ದರೆ ಎಲ್ಲರೂ ಹೋಗಬಲ್ಲ ಜಾಗವನ್ನು ಆರಿಸಲಿ. ಹಾಕಿ ಆಡುವ ಮಕ್ಕಳಿಗೆ ಕೊಡಗಿಗಿಂತ ಒಳ್ಳೆಯ ಪಾಠಶಾಲೆ ಯಾವುದು? 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವುದನ್ನು ಕಂಡ ಮಗು ಅದನ್ನು ಮರೆಯುವುದುಂಟೇ? ರೈಲಿನಲ್ಲಿ ಹೋಗಿ ಬರಬಹುದಾದ ಬೆಂಗಳೂರಿನಲ್ಲಿ ಒಂದು ವಾರದಲ್ಲಿ ಐದು ಒಳ್ಳೆಯ ತಂಡಗಳೊಡನೆ ಆಡಬಹುದು.

ವಿದೇಶ ಬೇಡವೆಂದು ನಾವು ಹೇಳುತ್ತಿಲ್ಲ. ಸಮಬಲದ ಎದುರಾಳಿ, ಹೊಂದುವ ಕಾಲ, ಕೈಗೆಟುಕುವ ವೆಚ್ಚ, ಕಣ್ಣಿಟ್ಟು ಕಾಯುವ ಹಿರಿಯರು ಇವು ಕೂಡಿಬಂದಲ್ಲಿ ಮಕ್ಕಳನ್ನು ಅವಶ್ಯ ಕಳುಹಿಸಿ. ಮುಂದಿನ ಸುತ್ತೋಲೆ ಮನೆಗೆ ಬಂದಾಗ ಸಹಿ ಹಾಕುವ ಮೊದಲು ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಶಾಲೆಗೆ ಹೋಗಿ. ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ತಂಡದಲ್ಲಿ ಚೆನ್ನಾಗಿ ಆಡುವ ಮಕ್ಕಳೆಲ್ಲ ಬರುತ್ತಿದ್ದಾರೆಯೇ?"