ಕಡಿಮೆ ಕಾಸಿನಲ್ಲಿ ಕಾಸು ಓದುವುದು

ನಾಣ್ಯ ಸಂಗ್ರಹ ಅಂದ ಕೂಡಲೇ "ಅದು ದುಡ್ಡಿದ್ದವರ ಹವ್ಯಾಸ ಅಲ್ವಾ?" ಅಂತ ಕೇಳುವವರೇ ಹೆಚ್ಚು. ವರಾಹ, ಹೊನ್ನುಗಳ ಹಿಂದೆ ಹೋದರೆ ಹೌದು. ನನ್ನ ಆಸಕ್ತಿ ಇರುವುದು ಲೋಹದಲ್ಲಲ್ಲ, ಅದರ ಮೇಲಿನ ಬರಹದಲ್ಲಿ. ಅದಕ್ಕೆ ಸವೆದ ತಾಮ್ರದ ಕಾಸು ಸಾಕು.

ಹೊಸಬರಿಗೆ ನಾನು ಮೊದಲು ಹೇಳುವುದು ಮುಮ್ಮಡಿ ಕೃಷ್ಣರಾಜ ಒಡೆಯರ 20 ಕಾಸಿನ ನಾಣ್ಯ. ಒಂದು ಬದಿ ಆನೆ ಅಥವಾ ಸಿಂಹ. ಕೆಲವು ಬಗೆಗಳಲ್ಲಿ ಅದರ ಮೇಲೆ 'ಶ್ರೀ', ಕೆಲವದರಲ್ಲಿ 'ಚಾಮುಂಡಿ'. ಇನ್ನೊಂದು ಬದಿ 'ಕೃಷ್ಣ', 'ಮಯಿಲಿ ಕಾಸು' ಎಂಬ ಕನ್ನಡ ಬರಹ. ಅದೇ ಮೌಲ್ಯ ಇಂಗ್ಲಿಷಿನಲ್ಲೂ ಇರುತ್ತದೆ: ರೋಮನ್ ಅಂಕಿಯ ಎರಡು ಎಕ್ಸ್, ಜೊತೆಗೆ 'ಕ್ಯಾಶ್'. ಒಂದು ಲಿಪಿ ಸವೆದಿದ್ದರೆ ಇನ್ನೊಂದು ಕೈ ಹಿಡಿಯುತ್ತದೆ. ಸಿಂಹದ ಕೆಲವು ನಾಣ್ಯಗಳಲ್ಲಿ ಕ್ರಿಸ್ತಶಕದ ವರ್ಷವೂ ಇದೆ. ಟಂಕಸಾಲೆ ಮುಚ್ಚಿದ್ದು 1843ರಲ್ಲಿ. ಅಲ್ಲಿಗೆ ಈ ಸರಣಿ ಮುಗಿಯಿತು.

ಮುಂದಿನ ಪಾಠ ಟಿಪ್ಪುವಿನ ಆನೆ ಪೈಸೆ. ಇಲ್ಲಿ ಎಡವುವುದು ವರ್ಷದಲ್ಲಿ. ಮೊದಲ ವರ್ಷಗಳಲ್ಲಿ ಅವನು ಬಳಸಿದ್ದು ಹಿಜರಿ ಶಕ. 1787ರ ಸುಮಾರಿಗೆ ಪ್ರವಾದಿಯವರ ಹುಟ್ಟಿನಿಂದ ಎಣಿಸುವ ಮೌಲೂದಿ ಶಕ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಮ್ಮ ಕಣ್ಣಿಗೆ 8121 ಅಂತ ಕಂಡರೆ ಅದು 1218. ಅದಕ್ಕೆ 572 ಕೂಡಿಸಿ: 1790. ಅರಬ್ಬೀ ಅಂಕಿ ಹತ್ತನ್ನು ಕಲಿಯಲು ಒಂದು ಸಂಜೆ ಸಾಕು.

ಈಗ ಮುಖ್ಯ ವಿಷಯ. ಆ ಕಾಲದ ಕೈಯಚ್ಚಿನ ತಾಮ್ರದ ನಾಣ್ಯಗಳಲ್ಲಿ ಎಷ್ಟೋ ಸಲ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹಾಗಾಗಿ ಬರಹದ ಒಂದು ಭಾಗ ಬಿಲ್ಲೆಯ ಆಚೆಗೇ ಉಳಿದುಬಿಡುತ್ತದೆ. ಇಡೀ ಬರಹ ಇರುವ ಚೆಂದದ ನಾಣ್ಯಕ್ಕೆ ಬೆಲೆ ಜಾಸ್ತಿ. ನಾನು ಅದನ್ನು ಬಿಟ್ಟು, ಅದೇ ಬಗೆಯ ಮೂರು ಅರೆಬರೆ ನಾಣ್ಯ ಕೊಳ್ತೀನಿ. ಒಂದರಲ್ಲಿ ಎಡಭಾಗ, ಇನ್ನೊಂದರಲ್ಲಿ ಬಲಭಾಗ, ಮತ್ತೊಂದರಲ್ಲಿ ಕೆಳಸಾಲು. ತುಂಡಾದ ಶಾಸನ ಜೋಡಿಸಿದ ಹಾಗೆ ಜೋಡಿಸಿದರೆ ಪೂರ್ತಿ ಪಾಠ ಸಿಗ್ತದೆ. ಖರ್ಚೂ ಕಡಿಮೆ, ಅಚ್ಚುಗಳ ನಡುವಿನ ಅಕ್ಷರಭೇದವೂ ಕಣ್ಣಿಗೆ ಬೀಳ್ತದೆ.

ಸಲಕರಣೆ: ಒಂದು ಭೂತಗನ್ನಡಿ, ಅಳತೆಪಟ್ಟಿ, ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಟಾರ್ಚ್. ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕಲ್ಲಿನ ಶಾಸನದಲ್ಲಿ ಆಗುವಂತೆ ಇಲ್ಲೂ ಅಕ್ಷರಗಳ ನೆರಳು ಎದ್ದು ಬರುತ್ತದೆ. ಟಿಪ್ಪು ನಾಣ್ಯಗಳಿಗೆ ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಉಪಯುಕ್ತ. ಕೊಳ್ಳಬೇಕಿಲ್ಲ, ಗ್ರಂಥಾಲಯದಲ್ಲಿ ನೋಡಿದರಾಯ್ತು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ: ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ದೇವರ ತಂಬಿಗೆ ಹೊಳೆಯುವುದು ಸರಿ, ಕಾಸು ಹೊಳೆಯಬಾರದು. ಹುಳಿ ಮೊದಲು ತಿನ್ನುವುದು ಆ ಹಸಿರು-ಕಂದು ಪದರವನ್ನು. ತಿಕ್ಕಾಟಕ್ಕೆ ಸವೆದ ಅಕ್ಷರಗಳ ಅಂಚೂ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ.

ಹಾಗೆಯೇ, ಹೊಲದಲ್ಲಿ ಸಿಕ್ಕ ಗಡಿಗೆ ನಾಣ್ಯ ಯಾರಾದರೂ ತಂದರೆ ಕೊಳ್ಳಬೇಡಿ. ನಿಧಿಯನ್ನು ಸರ್ಕಾರಕ್ಕೆ ತಿಳಿಸುವುದು ಕಾನೂನು. ನೂರು ವರ್ಷ ದಾಟಿದ ನಾಣ್ಯವನ್ನು 1972ರ ಕಾಯ್ದೆ ಪ್ರಾಚ್ಯವಸ್ತು ಎನ್ನುತ್ತದೆ. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ನಿಧಿ ಚದುರಿದರೆ ಯಾವ ನಾಣ್ಯ ಯಾವುದರ ಜೊತೆ ಚಲಾವಣೆಯಲ್ಲಿತ್ತು ಎಂಬ ಸಾಕ್ಷಿಯೇ ಅಳಿಯುತ್ತದೆ.

ಕೊಂಡ ಪ್ರತಿ ಕಾಸಿಗೂ ತೂಕ, ವ್ಯಾಸ, ಓದಿದ ಪಾಠ, ಕೊಂಡ ಊರು, ದಿನಾಂಕ ಬರೆದಿಡಿ. ಓದಲಾಗದ ಅಕ್ಷರಕ್ಕೆ ಚುಕ್ಕಿ ಹಾಕಿ, ಊಹೆ ತುಂಬಬೇಡಿ. ಆ ಚೀಟಿ ಇಲ್ಲದ ನಾಣ್ಯ ಬರೀ ತಾಮ್ರ.